ಪವರ್‌ನಲ್ಲಿ ಕೂತ ಎಕ್ಸ್‌ನ ಕೆಳಗಿಳಿಸಲು ಯಾವ ಕ್ಯಾಲ್ಕುಲೇಟರ್ ಬೇಕು? ಕ್ಯಾಸಿಯೊ 991ಇಎಸ್ ಪ್ಲಸ್ ಬಗ್ಗೆ ನನ್ನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ. ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ಒಳ್ಳೆ ಕ್ಯಾಲ್ಕುಲೇಟರ್. ಆದರೆ ಇದನ್ನು ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನರಿಗೆ ಇದರ ತಮ್ಮ, ಅಂದರೆ ಕ್ಯಾಸಿಯೊದ್ದೇ ಅಗ್ಗದ ಮಾಡೆಲ್ 82ಎಂಎಸ್ ಸಾಕು. ಇನ್ನು ಕೆಲವರಿಗೆ, ಅಂದರೆ ಪಿಯುಸಿ ಮಕ್ಕಳಿಗೆ, ಪರೀಕ್ಷೆ ಹಾಲ್‌ನಲ್ಲಿ ಎರಡನ್ನೂ ಬಿಡುವುದಿಲ್ಲ. ಹಾಗಾದರೆ ಯಾರು ಯಾವುದಕ್ಕೆ ದುಡ್ಡು ಹಾಕಬೇಕು ಅನ್ನೋದೇ ಈ ರಿವ್ಯೂ.

ನಾನು ಮನೆಯಲ್ಲಿ ಪಿಯುಸಿ ಮತ್ತು ಡಿಪ್ಲೊಮಾ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹಾಗಾಗಿ 417 ಫಂಕ್ಷನ್ ಇದೆ ಅಂತ ಡಬ್ಬದ ಮೇಲೆ ಬರೆದಿರುವುದನ್ನೆಲ್ಲ ನಾನು ಪರೀಕ್ಷೆ ಮಾಡಿಲ್ಲ, ಮಾಡುವುದೂ ಇಲ್ಲ. ಒಂದೇ ಜಾತಿಯ ಲೆಕ್ಕ ಇಟ್ಟುಕೊಂಡು ನೋಡಿದ್ದೇನೆ: ಎಕ್ಸ್ ಪವರ್‌ನಲ್ಲಿ, ಅಂದರೆ ಘಾತದಲ್ಲಿ, ಕೂತಿರುವ ಸಮೀಕರಣ. 2 ಪವರ್ ಎಕ್ಸ್ = 10 ಅನ್ನುವ ಥರದ್ದು. ಇಂಥ ಲೆಕ್ಕದಲ್ಲಿ ಎರಡೂ ಕಡೆ ಲಾಗ್ (10ರ ಎಷ್ಟನೇ ಪವರ್ ಹಾಕಿದರೆ ಆ ಸಂಖ್ಯೆ ಬರುತ್ತದೆ ಅನ್ನುವುದು) ತೆಗೆದುಕೊಂಡರೆ ಪವರ್ ಕೆಳಗಿಳಿದು ಮುಂದೆ ಬಂದು ಗುಣಾಕಾರದಲ್ಲಿ ನಿಲ್ಲುತ್ತದೆ. ಆಮೇಲೆ ಒಂದು ಭಾಗಾಕಾರ ಅಷ್ಟೇ. ಎಕ್ಸ್ = ಲಾಗ್ 10 ಭಾಗ ಲಾಗ್ 2. ಉತ್ತರ 3.3219.

ಇದರಲ್ಲಿ ಕ್ಯಾಲ್ಕುಲೇಟರ್ ಕೆಲಸ ಎಷ್ಟು? ಕೊನೆಯ ಭಾಗಾಕಾರ ಮಾತ್ರ. ಲಾಗ್ ತೆಗೆಯಬೇಕು ಅಂತ ಹೊಳೆಯಬೇಕಾದದ್ದು ನಮಗೆ. ಇದನ್ನು ಮನಸ್ಸಲ್ಲಿಟ್ಟುಕೊಂಡು ಮುಂದೆ ಓದಿ, ಯಾಕೆಂದರೆ 991ಕ್ಕೆ ಜಾಸ್ತಿ ದುಡ್ಡು ಕೊಡುವವರು ಅದಕ್ಕೇ ಎಲ್ಲಾ ಹೊಳೆಯುತ್ತದೆ ಅಂದುಕೊಂಡಿರುತ್ತಾರೆ.

ಒಂದು ನಿಜವಾದ ಲೆಕ್ಕ ತೆಗೆದುಕೊಳ್ಳೋಣ. ಪೋಸ್ಟ್ ಆಫೀಸಿನ ಕಿಸಾನ್ ವಿಕಾಸ್ ಪತ್ರ ಗೊತ್ತಲ್ಲ, ದುಡ್ಡು ಡಬಲ್ ಆಗುವ ಸ್ಕೀಮು. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ 7.5 ಪರ್ಸೆಂಟ್‌ಗೆ ಏರಿತು, 115 ತಿಂಗಳಿಗೆ ಡಬಲ್ ಅಂತ ಹೇಳಿದರು. ಈ 115 ಎಲ್ಲಿಂದ ಬಂತು? ವರ್ಷಕ್ಕೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ, ಹಾಗಾಗಿ 1.075 ಪವರ್ ಎನ್ = 2. ಎನ್ ಅಂದರೆ ವರ್ಷ. ಲಾಗ್ 2 ಭಾಗ ಲಾಗ್ 1.075, ಅದಕ್ಕೆ 12 ಗುಣಿಸಿ. 991ರಲ್ಲಿ ಬರುವ ಉತ್ತರ 115.01. ಸರ್ಕಾರದ ಲೆಕ್ಕ ಮತ್ತು ಕೈಯಲ್ಲಿರುವ ಮಷಿನ್ ಲೆಕ್ಕ ಹೀಗೆ ಕೂಡಿಬಂದಾಗ ಮಕ್ಕಳ ಮುಖ ನೋಡಬೇಕು. ಲಾಗ್ ಅಂದರೆ ಬರೀ ಸಿಲಬಸ್ ಅಂದುಕೊಂಡಿದ್ದವರು ಅವತ್ತು ಮನೆಗೆ ಹೋಗಿ ಅಪ್ಪನ ಎಫ್‌ಡಿ ಲೆಕ್ಕ ಹಾಕುತ್ತಾರೆ.

ಈ ಲೆಕ್ಕಕ್ಕೆ 991ರಲ್ಲಿರುವ ಕ್ಯಾಲ್ಕ್ ಬಟನ್ ನನಗೆ ತುಂಬಾ ಇಷ್ಟ. ಲಾಗ್(2) ÷ ಲಾಗ್(1 + ಎ ÷ 100) × 12 ಅಂತ ಒಮ್ಮೆ ಟೈಪ್ ಮಾಡಿ ಕ್ಯಾಲ್ಕ್ ಒತ್ತಿದರೆ ಎ ಎಷ್ಟು ಅಂತ ಕೇಳುತ್ತದೆ. 7.5 ಕೊಟ್ಟರೆ 115.01. ಮತ್ತೆ ಒತ್ತಿ 7.2 ಕೊಟ್ಟರೆ 119.64. ಆ ಬಡ್ಡಿ ಇದ್ದಾಗ ಅವಧಿ 120 ತಿಂಗಳು ಇತ್ತು, ಸರಿಹೋಯಿತು. 7 ಕೊಟ್ಟರೆ 122.94, ಆಗ ಇದ್ದದ್ದು 123. ಇನ್ನೂ ಹಿಂದೆ 6.9 ಇದ್ದಾಗ 124 ತಿಂಗಳು, ಆದರೆ ಮಷಿನ್ ಹೇಳುವುದು 124.66. ಇಲ್ಲಿ 125 ಆಗಬೇಕಿತ್ತಲ್ವಾ ಅಂತ ಒಬ್ಬ ಹುಡುಗ ಕೇಳಿದ. ಮುಕ್ಕಾಲು ತಿಂಗಳ ಹತ್ತಿರ ನಮಗೇ ಲಾಭ ಬಿಟ್ಟುಕೊಟ್ಟಿದ್ದಾರೆ, ಸುಮ್ನಿರು ಅಂದೆ. ಸೂತ್ರ ಒಂದೇ ಸಲ ಟೈಪ್ ಮಾಡಿ ನಂಬರ್ ಮಾತ್ರ ಬದಲಿಸುವ ಈ ಸೌಲಭ್ಯ 82ಎಂಎಸ್‌ನಲ್ಲಿ ಇಲ್ಲ. ಅಲ್ಲಿ ಬಾಣದ ಬಟನ್‌ನಿಂದ ಹಿಂದೆ ಹೋಗಿ ನಂಬರ್ ತಿದ್ದಬೇಕು. ಅದೇನು ದೊಡ್ಡ ಕಷ್ಟವಲ್ಲ, ಆದರೂ.

ಬ್ಯಾಂಕಿನ ಎಫ್‌ಡಿಗೆ ಲೆಕ್ಕ ಸ್ವಲ್ಪ ಬೇರೆ. ನಮ್ಮಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುತ್ತವೆ. 7 ಪರ್ಸೆಂಟ್ ಇದ್ದರೆ ಪ್ರತಿ ಮೂರು ತಿಂಗಳಿಗೆ 1.75. ಆಗ 1.0175 ಪವರ್ 4ಎನ್ = 2. ಎನ್ ಬರುವುದು 9.99 ವರ್ಷ. ವರ್ಷಕ್ಕೊಮ್ಮೆ ಸೇರಿಸಿದರೆ 10.24. ಅಷ್ಟೇ ವ್ಯತ್ಯಾಸ, ಮೂರು ತಿಂಗಳು. 72ನ್ನು ಬಡ್ಡಿದರದಿಂದ ಭಾಗಿಸುವ ಬಾಯಿಲೆಕ್ಕ ಮಾಡುವವರಿಗೆ 10.29 ಬರುತ್ತದೆ. ಕ್ಯಾಲ್ಕುಲೇಟರ್ ಇಲ್ಲದೆ ಇಷ್ಟು ಹತ್ತಿರ ಬರುವುದೂ ಕಮ್ಮಿ ಏನಲ್ಲ.

ಈಗ ಈ ಮಷಿನ್‌ನ ಎಡವಟ್ಟಿಗೆ ಬರೋಣ. ಇದನ್ನು ಗಮನವಿಟ್ಟು ಓದಿ, ಯಾಕೆಂದರೆ ನನ್ನ ಹತ್ತಿರ ಬರುವ ತಪ್ಪು ಉತ್ತರಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುತ್ತವೆ.

82ಎಂಎಸ್‌ನಲ್ಲಿ ಲಾಗ್ ಬಟನ್ ಒತ್ತಿದರೆ ಬರೀ ಲಾಗ್ ಅಂತ ಬರುತ್ತದೆ, ಬ್ರಾಕೆಟ್ ಬರುವುದಿಲ್ಲ. ಲಾಗ್ 2 ÷ ಲಾಗ್ 1.07 ಅಂತ ಬರೆದ ಹಾಗೇ ಒತ್ತುತ್ತಾ ಹೋದರೆ 10.2448 ಸರಿಯಾಗಿ ಬರುತ್ತದೆ. 991ಇಎಸ್‌ನಲ್ಲಿ ಲಾಗ್ ಒತ್ತಿದ ತಕ್ಷಣ ಅದರ ಜೊತೆಗೇ ಒಂದು ಬ್ರಾಕೆಟ್ ತೆರೆದುಕೊಳ್ಳುತ್ತದೆ. ಮುಚ್ಚುವುದು ನಮ್ಮ ಜವಾಬ್ದಾರಿ. ಮುಚ್ಚದೆ ಲಾಗ್(2 ÷ ಲಾಗ್(1.07 ಅಂತ ಒತ್ತಿ ಸಮ ಅಂದರೆ ಅದು ಎರರ್ ಕೊಡುವುದಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು. ಕೊನೆಯಲ್ಲಿ ಎಲ್ಲಾ ಬ್ರಾಕೆಟ್ ಮುಚ್ಚಿದೆ ಅಂತ ತಾನೇ ಅಂದುಕೊಂಡು 1.8329 ಅಂತ ಉತ್ತರ ಕೊಡುತ್ತದೆ. ಒಳಗಡೆ ಅದು ಮಾಡಿದ್ದೇನು? 2ನ್ನು ಲಾಗ್ 1.07ರಿಂದ ಭಾಗಿಸಿ, ಬಂದ 68.06ಕ್ಕೆ ಇನ್ನೊಂದು ಸಲ ಲಾಗ್ ತೆಗೆದಿದೆ. 7 ಪರ್ಸೆಂಟ್ ಬಡ್ಡಿಯಲ್ಲಿ ಎರಡು ವರ್ಷಕ್ಕೂ ಮೊದಲೇ ದುಡ್ಡು ಡಬಲ್! ಇಂಥ ಉತ್ತರ ಬಂದಾಗ ಬಡ್ಡಿ ವ್ಯವಹಾರ ಗೊತ್ತಿರುವ ಯಾವ ಅಂಗಡಿಯವನೂ ನಗುತ್ತಾನೆ. ಆದರೆ ಪ್ರಶ್ನೆಯಲ್ಲಿ ಬ್ಯಾಕ್ಟೀರಿಯಾನೋ ರೇಡಿಯಂನೋ ಇದ್ದರೆ 1.83 ಸರಿಯೋ ತಪ್ಪೋ ಯಾರಿಗೆ ಗೊತ್ತಾಗುತ್ತದೆ?

ಅಣ್ಣನ 82ಎಂಎಸ್ ಬಳಸಿ ಅಭ್ಯಾಸವಾದವರು 991ಕ್ಕೆ ಬಂದಾಗ ಇದು ಜಾಸ್ತಿ. ಪರಿಹಾರ ಸುಲಭ. ಭಿನ್ನರಾಶಿ ಬಟನ್ ಮೊದಲು ಒತ್ತಿ. ಮೇಲೆ ಒಂದು ಖಾನೆ, ಕೆಳಗೆ ಒಂದು ಖಾನೆ ಬರುತ್ತದೆ. ಮೇಲೆ ಲಾಗ್ 2, ಕೆಳಗೆ ಲಾಗ್ 1.07. ನೋಟ್‌ಬುಕ್‌ನಲ್ಲಿ ಬರೆಯುವ ಹಾಗೇ ಸ್ಕ್ರೀನ್ ಮೇಲೂ ಕಾಣುತ್ತದೆ, ಬ್ರಾಕೆಟ್ ಮರೆತರೂ ತೊಂದರೆಯಿಲ್ಲ. 991ಇಎಸ್‌ನ ನಿಜವಾದ ಗುಣ ಇರುವುದೇ ಈ ಡಿಸ್‌ಪ್ಲೇಯಲ್ಲಿ. ಬರೆದಂತೆ ಕಾಣುವುದು.

ಆದರೆ ಅದೇ ಗುಣ ಪವರ್ ಬಟನ್ ವಿಷಯದಲ್ಲಿ ಕಾಲಿಗೆ ತೊಡರುತ್ತದೆ. ಪವರ್ ಬಟನ್ ಒತ್ತಿದ ಮೇಲೆ ಕರ್ಸರ್ ಮೇಲೆ ಚಿಕ್ಕ ಖಾನೆಯೊಳಗೆ ಹೋಗಿ ಕೂರುತ್ತದೆ. ಬಲಗಡೆ ಬಾಣ ಒತ್ತಿ ಅದನ್ನು ಕೆಳಗಿಳಿಸದಿದ್ದರೆ ಆಮೇಲೆ ಒತ್ತಿದ್ದೆಲ್ಲ ಪವರ್‌ನಲ್ಲೇ ಸೇರುತ್ತದೆ. 2 ಪವರ್ 3 ಜೊತೆ 1 ಕೂಡಿಸಲು ಹೋಗಿ 9ರ ಬದಲು 16 ಬರುವುದು ಹೀಗೆ. ಸ್ಕ್ರೀನ್ ನೋಡಿದರೆ ಗೊತ್ತಾಗುತ್ತದೆ, +1 ಮೇಲೇ ನಿಂತಿರುತ್ತದೆ. ಆದರೆ ಮಕ್ಕಳು ನೋಡುವುದು ಬಟನ್, ಸ್ಕ್ರೀನ್ ಅಲ್ಲ.

ಲಾಗ್‌ಗೆ ಇದರಲ್ಲಿ ಮೂರು ಬಟನ್ ಇದೆ. ಒಂದು ಲಾಗ್, ಅಂದರೆ ಬೇಸ್ 10. ಇನ್ನೊಂದು ಎಲ್‌ಎನ್, ಬೇಸ್ ಇ, ಅಂದರೆ ಸುಮಾರು 2.718. ಮೂರನೆಯದು ನಮಗೆ ಬೇಕಾದ ಬೇಸ್ ತುಂಬುವ ಖಾನೆ ಇರುವ ಲಾಗ್. ಈ ಮೂರನೆಯದು 82ಎಂಎಸ್‌ನಲ್ಲಿಲ್ಲ. ಬೇಸ್ 2, ಒಳಗೆ 10 ಹಾಕಿದರೆ ನೇರವಾಗಿ 3.321928095. ಭಾಗಾಕಾರವೇ ಬೇಡ. ಚೆನ್ನಾಗಿದೆ, ಆದರೆ ಇದಕ್ಕೋಸ್ಕರ ದುಡ್ಡು ಕೊಡಬೇಕಾ? ನನ್ನ ಪ್ರಕಾರ ಬೇಡ. ಒಂದು ಲಾಗ್‌ನ ಇನ್ನೊಂದು ಲಾಗ್‌ನಿಂದ ಭಾಗಿಸುವುದಕ್ಕೆ ನಾಲ್ಕು ಬಟನ್ ಜಾಸ್ತಿ ಒತ್ತಬೇಕು, ಅಷ್ಟೇ ತಾನೇ. ಬೇಸ್ 10 ಆಗಲಿ ಇ ಆಗಲಿ, ಮೇಲೂ ಕೆಳಗೂ ಒಂದೇ ಬಳಸಿದರೆ ಉತ್ತರ ಒಂದೇ.

ಮೇಲೂ ಕೆಳಗೂ ಒಂದೇ ಅಂದದ್ದು ಸುಮ್ನೆ ಅಲ್ಲ. ಕೆಮಿಸ್ಟ್ರಿಯ ಫಸ್ಟ್ ಆರ್ಡರ್ ರಿಯಾಕ್ಷನ್ ಸೂತ್ರದಲ್ಲಿ 2.303 ಅಂತ ಒಂದು ಸಂಖ್ಯೆ ಬರುತ್ತದಲ್ಲ, ಅದು ಬರುವುದೇ ಎಲ್‌ಎನ್‌ನ ಲಾಗ್‌ಗೆ ಬದಲಾಯಿಸಿದ್ದಕ್ಕೆ. ಅಂದರೆ 2.303 ಬರೆದ ಮೇಲೆ ಲಾಗ್ ಬಟನ್ನೇ ಒತ್ತಬೇಕು. ಕಾರ್ಬನ್-14ರ ಲೆಕ್ಕ ನೋಡಿ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 5730 ವರ್ಷ. ಹಳೇ ಮರದ ತುಂಡಿನಲ್ಲಿ 30 ಪರ್ಸೆಂಟ್ ಉಳಿದಿದ್ದರೆ ಎಷ್ಟು ವರ್ಷ ಹಳೆಯದು? 0.693ನ್ನು 5730ರಿಂದ ಭಾಗಿಸಿ ಕೆ (ಎಷ್ಟು ವೇಗವಾಗಿ ಕರಗುತ್ತದೆ ಅಂತ ಹೇಳುವ ಸಂಖ್ಯೆ) ತೆಗೆದು, 2.303 ಭಾಗ ಕೆ, ಗುಣಿಸು ಲಾಗ್ (100 ಭಾಗ 30) ಅಂದರೆ ಸುಮಾರು 9957 ವರ್ಷ. ಇಲ್ಲಿ ಕೈತಪ್ಪಿ ಎಲ್‌ಎನ್ ಒತ್ತಿದರೆ 22,926. ಮರ ಒಂದೇ ಬಟನ್‌ನಲ್ಲಿ ಹದಿಮೂರು ಸಾವಿರ ವರ್ಷ ಮುದಿಯಾಯಿತು. 991ರಲ್ಲಿ ಈ ಎರಡು ಬಟನ್ ಅಕ್ಕಪಕ್ಕದಲ್ಲೇ ಇವೆ, 82ಎಂಎಸ್‌ನಲ್ಲೂ ಅಷ್ಟೇ. ಬೇರೆ ಕಡೆ ಇಡಬಹುದಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

2.303, 0.693 ಯಾವುದೂ ಬೇಡ ಅಂದರೆ ನೇರ ದಾರಿ ಇದೆ. 0.5 ಪವರ್ (ಟಿ ಭಾಗ 5730) = 0.3. ಎರಡೂ ಕಡೆ ಲಾಗ್. ಟಿ = 5730 × ಲಾಗ್ 0.3 ÷ ಲಾಗ್ 0.5 = 9953. ನಾಲ್ಕು ವರ್ಷ ವ್ಯತ್ಯಾಸ ಬಂದದ್ದು 2.303 ಮತ್ತು 0.693 ಎರಡೂ ಮೂರು ಸ್ಥಾನಕ್ಕೆ ಕತ್ತರಿಸಿದ ಸಂಖ್ಯೆಗಳಾದ್ದರಿಂದ. ಪರೀಕ್ಷೆಯಲ್ಲಿ ಎರಡಕ್ಕೂ ಮಾರ್ಕ್ಸ್ ಸಿಗುತ್ತದೆ, ಗಾಬರಿ ಬೇಡ.

ಇನ್ನು ಎಲ್ಲರೂ ಬಾಯಿ ಬಿಡುವ ಸಾಲ್ವ್ ಬಟನ್. ಶಿಫ್ಟ್ ಒತ್ತಿ ಕ್ಯಾಲ್ಕ್ ಒತ್ತಿದರೆ ಸಾಲ್ವ್. 1.075 ಪವರ್ ಎಕ್ಸ್ ಬರೆದು, ಬಾಣ ಒತ್ತಿ ಕೆಳಗಿಳಿದು, ಆಲ್ಫಾ ಮತ್ತು ಕ್ಯಾಲ್ಕ್ ಒತ್ತಿ ಕೆಂಪು ಬಣ್ಣದ ಸಮ ಚಿಹ್ನೆ ತಂದು, 2 ಹಾಕಿ ಸಾಲ್ವ್ ಅಂದರೆ ಒಂದೆರಡು ಕ್ಷಣ ಯೋಚನೆ ಮಾಡಿ ಎಕ್ಸ್ = 9.584 ಅಂತ ತೋರಿಸುತ್ತದೆ. ಲಾಗ್ ಅನ್ನುವ ಮಾತೇ ಇಲ್ಲ. ಕೆಳಗೆ ಎಲ್ ಮೈನಸ್ ಆರ್ = 0 ಅಂತಲೂ ಬರುತ್ತದೆ, ಅಂದರೆ ಎಡಗಡೆ ಬಲಗಡೆ ಸರಿಹೊಂದಿದೆ ಅಂತ. ಮೊದಲ ಸಲ ನೋಡಿದವರಿಗೆ ಮ್ಯಾಜಿಕ್ಕೇ.

ಇದರ ಒಳಗೆ ನಡೆಯುವುದು ನ್ಯೂಟನ್ ವಿಧಾನ. ಒಂದು ಅಂದಾಜಿನಿಂದ ಶುರುಮಾಡಿ, ಅಲ್ಲಿಂದ ಸರಿಯಾದ ಉತ್ತರದ ಕಡೆ ಹೆಜ್ಜೆ ಹೆಜ್ಜೆಯಾಗಿ ಹೋಗುವುದು. ಹಾಗಾಗಿ ಶುರುವಿನ ಅಂದಾಜು ಎಷ್ಟು ಅನ್ನುವುದು ಮುಖ್ಯ. ಎಕ್ಸ್‌ನಲ್ಲಿ ಹಳೇ ಲೆಕ್ಕದ 5000 ಉಳಿದುಕೊಂಡಿದೆ ಅಂದುಕೊಳ್ಳಿ. ಅದು ಮೊದಲು 1.075ರ 5000ನೇ ಪವರ್ ಹಾಕಲು ಹೋಗುತ್ತದೆ. ಈ ಮಷಿನ್ 10ರ ಪವರ್ 100ಕ್ಕಿಂತ ಕೆಳಗಿನ ಸಂಖ್ಯೆ ಮಾತ್ರ ಹಿಡಿಯುತ್ತದೆ, ಇದು 10ರ ಪವರ್ 157ರ ಆಸುಪಾಸು. ಕೆಲಸ ಕೆಡುತ್ತದೆ. ಆದ್ದರಿಂದ ಅದು ಎಕ್ಸ್ ಕೇಳಿದಾಗ 1 ಅಂತಲೋ 10 ಅಂತಲೋ ಒಂದು ಹದವಾದ ಸಂಖ್ಯೆ ಕೊಟ್ಟು ಮುಂದೆ ಹೋಗಿ.

ಇನ್ನೂ ದೊಡ್ಡ ತೊಂದರೆ, ಇದು ಒಂದು ಉತ್ತರ ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ. 4 ಪವರ್ ಎಕ್ಸ್ − 2 ಪವರ್ ಎಕ್ಸ್ − 12 = 0 ಥರದ್ದಕ್ಕೆ ಪರವಾಗಿಲ್ಲ, ಅದಕ್ಕೆ ಇರುವುದೇ ಒಂದು ಉತ್ತರ. ಆದರೆ 9 ಪವರ್ ಎಕ್ಸ್ − 4 × 3 ಪವರ್ ಎಕ್ಸ್ + 3 = 0ಕ್ಕೆ ಎರಡು ಉತ್ತರ, 0 ಮತ್ತು 1. ಸಾಲ್ವ್ ಒಂದನ್ನು ಹೇಳಿ ಸುಮ್ಮನಾಗುತ್ತದೆ. ಇನ್ನೊಂದಿದೆ ಅಂತ ಸುಳಿವೂ ಕೊಡುವುದಿಲ್ಲ. ಇದನ್ನು ಕೈಯಲ್ಲಿ ಮಾಡುವುದು ಎಷ್ಟೋ ವಾಸಿ. 3 ಪವರ್ ಎಕ್ಸ್‌ನ ಟಿ ಅಂತ ಕರೆದರೆ ಟಿ ವರ್ಗ − 4ಟಿ + 3 = 0, ಟಿ = 1 ಅಥವಾ 3, ಮುಗಿಯಿತು. ವರ್ಗ ಸಮೀಕರಣಕ್ಕೆ ಮೋಡ್ 5ರಲ್ಲಿ ಬೇರೆಯೇ ಜಾಗ ಇದೆ, ಮೂರು ಸಂಖ್ಯೆ ಕೊಟ್ಟರೆ ಎರಡೂ ಮೂಲ ಕೊಡುತ್ತದೆ. ಅಲ್ಲಿ 991 ನಿಜವಾಗಿ ಸಮಯ ಉಳಿಸುತ್ತದೆ. ಹಿಂದಿನ 4 ಪವರ್ ಎಕ್ಸ್ ಲೆಕ್ಕಕ್ಕೆ 1, −1, −12 ಕೊಡಿ, 4 ಮತ್ತು −3 ಬರುತ್ತದೆ. 4ಕ್ಕೆ ಲಾಗ್ ತೆಗೆದು ಲಾಗ್ 2ರಿಂದ ಭಾಗಿಸಿದರೆ 2. −3ಕ್ಕೆ ಲಾಗ್ ಒತ್ತಿದರೆ ಮ್ಯಾತ್ ಎರರ್. 2ರ ಯಾವ ಪವರ್ ತೆಗೆದುಕೊಂಡರೂ ಮೈನಸ್ ಸಂಖ್ಯೆ ಬರುವುದಿಲ್ಲವಲ್ಲ, ಅದನ್ನೇ ಅದು ತನ್ನ ಭಾಷೆಯಲ್ಲಿ ಹೇಳುತ್ತಿದೆ. ಮಕ್ಕಳು ಇದನ್ನು ನೋಡಿ ಮಷಿನ್ ಕೆಟ್ಟಿತು ಅಂದುಕೊಳ್ಳುತ್ತಾರೆ.

ಹಾಗಂತ ಸಾಲ್ವ್ ದಂಡ ಅಂತ ಅಲ್ಲ. ಲಾಗ್‌ಗೆ ಬಗ್ಗದ ಲೆಕ್ಕವೂ ಇದೆ. 2 ಪವರ್ ಎಕ್ಸ್ = ಎಕ್ಸ್ ವರ್ಗ. ಎರಡೂ ಕಡೆ ಲಾಗ್ ತೆಗೆದು ನೋಡಿ, ಎಕ್ಸ್ ಒಂದು ಕಡೆ ಹೊರಗೆ, ಇನ್ನೊಂದು ಕಡೆ ಲಾಗ್ ಒಳಗೆ, ಎಲ್ಲಿಗೂ ಹೋಗುವುದಿಲ್ಲ. 2 ಮತ್ತು 4 ಅನ್ನುವ ಉತ್ತರ ಕಣ್ಣಿಗೇ ಕಾಣುತ್ತದೆ. ಮೂರನೆಯದು ಕಾಣುವುದಿಲ್ಲ. ಇಲ್ಲಿ ಮೋಡ್ 7ರ ಟೇಬಲ್ ಬಳಸಿ. 2 ಪವರ್ ಎಕ್ಸ್ − ಎಕ್ಸ್ ವರ್ಗ ಅಂತ ಬರೆದು −2ರಿಂದ 5ರವರೆಗೆ ಒಂದೊಂದೇ ಹೆಜ್ಜೆ ಕೊಟ್ಟರೆ −3.75, −0.5, 1, 1, 0, −1, 0, 7 ಅಂತ ಸಾಲಾಗಿ ಬರುತ್ತದೆ. 2ರಲ್ಲೂ 4ರಲ್ಲೂ ಸೊನ್ನೆ, ಸರಿ. ಆದರೆ −1ರಲ್ಲಿ −0.5 ಇದ್ದದ್ದು 0ಗೆ ಬರುವಷ್ಟರಲ್ಲಿ +1 ಆಗಿದೆ. ನಡುವೆ ಎಲ್ಲೋ ಸೊನ್ನೆ ದಾಟಿರಲೇಬೇಕು. ಈಗ ಸಾಲ್ವ್‌ಗೆ −1 ಅಂದಾಜು ಕೊಟ್ಟರೆ −0.7667 ಹಿಡಿದು ತರುತ್ತದೆ. ಈ ಒಂದು ಲೆಕ್ಕ ಮಾಡಿಸಿದ ಮೇಲೆ ಮಕ್ಕಳಿಗೆ ಮಷಿನ್ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದು ನಾನು ಹೇಳದೆಯೇ ಗೊತ್ತಾಗುತ್ತದೆ.

ಇದಕ್ಕೆ ಉಲ್ಟಾ ಲೆಕ್ಕವೂ ಇದೆ. 2ರ ಪವರ್ 1000ದಲ್ಲಿ ಎಷ್ಟು ಅಂಕಿ? 991ರಲ್ಲಿ 2 ಪವರ್ 332ರವರೆಗೆ ಹೋಗಬಹುದು. 333 ಅಂದರೆ ಮ್ಯಾತ್ ಎರರ್. ಲಾಗ್ ಒಳಗೆ 2 ಪವರ್ 1000 ಹಾಕಿದರೂ ಎರರ್ರೇ, ಯಾಕೆಂದರೆ ಅದು ಮೊದಲು ಪವರ್ ಹಾಕಿ ಆಮೇಲೆ ಲಾಗ್ ತೆಗೆಯಲು ಹೋಗುತ್ತದೆ. ಪವರ್‌ನ ನಾವೇ ಕೆಳಗಿಳಿಸಿ 1000 × ಲಾಗ್ 2 ಒತ್ತಿದರೆ 301.03. ಅಂದರೆ 302 ಅಂಕಿ. ಹಾಗೇ 7 ಪವರ್ ಎಕ್ಸ್ = 10 ಪವರ್ 200 ಅಂತ ಕೊಟ್ಟರೆ ಸಾಲ್ವ್ ಬಟನ್ ಕೈಚೆಲ್ಲುತ್ತದೆ. ಪೆನ್ನು ಹಿಡಿದವನು 200 ಭಾಗ ಲಾಗ್ 7 ಅಂತ ಬರೆದು 236.66 ತೆಗೆದು ಮುಂದಿನ ಪ್ರಶ್ನೆಗೆ ಹೋಗಿರುತ್ತಾನೆ. ಇದನ್ನು ಮಾಡಲು 82ಎಂಎಸ್ ಧಾರಾಳವಾಗಿ ಸಾಕು.

ಒಮ್ಮೆ ಒಬ್ಬಳು ಹುಡುಗಿ ಇಡೀ ಹೋಮ್‌ವರ್ಕ್ ಸಾಲ್ವ್ ಬಟನ್‌ನಲ್ಲೇ ಮಾಡಿಕೊಂಡು ಬಂದಿದ್ದಳು. ಎಲ್ಲಾ ಉತ್ತರ ಸರಿ. “ಸರ್, ಆನ್ಸರ್ ಬಂತು, ಸ್ಟೆಪ್ಸ್ ಏನು ಬರೀಲಿ?” ಅಂದಳು. “ಶಿಫ್ಟ್ ಒತ್ತಿದೆ, ಕ್ಯಾಲ್ಕ್ ಒತ್ತಿದೆ ಅಂತ ಬರಿಯಮ್ಮ” ಅಂದೆ. ನಕ್ಕಳು. ಆಮೇಲೆ ಕೂತು ಲಾಗ್ ಹಾಕಿ ಪೂರ್ತಿ ಮಾಡಿದಳು, ಉತ್ತರ ಸರಿನಾ ಅಂತ ಸಾಲ್ವ್‌ನಲ್ಲಿ ನೋಡಿಕೊಂಡಳು. ಈ ಬಟನ್‌ನ ಹಾಗೇ ಬಳಸಬೇಕು.

ಈಗ ಪರೀಕ್ಷೆ ವಿಷಯ. ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ. ಸಿಇಟಿ, ನೀಟ್, ಜೆಇಇ ಯಾವುದಕ್ಕೂ ನಿಮ್ಮ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಗೇಟ್ ಪರೀಕ್ಷೆಗೆ ಕಂಪ್ಯೂಟರ್ ಸ್ಕ್ರೀನ್ ಮೇಲೇ ಒಂದು ಕ್ಯಾಲ್ಕುಲೇಟರ್ ಕೊಡುತ್ತಾರೆ, ಮೌಸ್‌ನಲ್ಲಿ ಒತ್ತಬೇಕು, ಅದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿರಿ. ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪೇಪರಿನಲ್ಲಿ ಲಾಗ್ ಟೇಬಲ್ ಮತ್ತು ಸಾದಾ ಕ್ಯಾಲ್ಕುಲೇಟರ್ ಬಳಸಬಹುದು, ಸೈಂಟಿಫಿಕ್ ಬೇಡ ಅಂತ ಸೂಚನೆಯೇ ಇರುತ್ತದೆ. ಹಾಗಾಗಿ ಪಿಯುಸಿ ಮಗುವಿಗೆ 991 ಕೊಡಿಸಿ, ಆ ಮಗು ಎರಡು ವರ್ಷ ಅದರಲ್ಲೇ ಲೆಕ್ಕ ಮಾಡಿ, ಪರೀಕ್ಷೆ ದಿನ ಲಾಗ್ ಟೇಬಲ್ ಕೈಗೆ ಬಂದಾಗ ಕಂಗಾಲಾಗುವುದನ್ನು ನೋಡಿದ್ದೇನೆ. ಪಿಯುಸಿ ಮುಗಿಯುವವರೆಗೆ ದುಡ್ಡು ಉಳಿಸಿ, ಟೇಬಲ್ ಪುಸ್ತಕ ಕೊಡಿಸಿ.

ಟೇಬಲ್ ಅಂದರೆ ಮಕ್ಕಳು ಮೂಗು ಮುರಿಯುತ್ತಾರೆ. ಅಷ್ಟೇನೂ ಕಷ್ಟವಿಲ್ಲ. 1.075ರ ಲಾಗ್ ಬೇಕಾ? ಎಡಗಡೆ 10ರ ಸಾಲು ಹಿಡಿಯಿರಿ, ಮೇಲೆ 7ರ ಕಾಲಂ, ಸಿಗುವುದು 0294. ಬಲಗಡೆಯ ಮೀನ್ ಡಿಫರೆನ್ಸ್‌ನಲ್ಲಿ 5ರ ಕೆಳಗೆ 20. ಕೂಡಿಸಿ, 0314. ಅಂದರೆ 0.0314. ಗಮನಿಸಿ, ಈ ಮೊದಲ ಸಾಲುಗಳಲ್ಲಿ ಮೀನ್ ಡಿಫರೆನ್ಸ್ ಎರಡು ಪದರದಲ್ಲಿ ಕೊಟ್ಟಿರುತ್ತಾರೆ, ಮೊದಲರ್ಧದ ಕಾಲಂಗೆ ಮೇಲಿನದು, ಉಳಿದರ್ಧಕ್ಕೆ ಕೆಳಗಿನದು. ಲಾಗ್ 2 ಅಂದರೆ 0.3010. ಇಷ್ಟರಿಂದ ಭಾಗಿಸಿ 12 ಗುಣಿಸಿದರೆ 115.03. ಮಷಿನ್ ಹೇಳಿದ್ದು 115.01. ನಾಲ್ಕಂಕಿಯ ಟೇಬಲ್‌ನಿಂದ ಇಷ್ಟು ಬಂದರೆ ಸಾಕಲ್ವಾ?

ಟೇಬಲ್‌ನಿಂದ ಕ್ಯಾಲ್ಕುಲೇಟರ್‌ಗೆ, ಕ್ಯಾಲ್ಕುಲೇಟರ್‌ನಿಂದ ಟೇಬಲ್‌ಗೆ ಹೋಗುವಾಗ ಒಂದು ಗೊಂದಲ ಗ್ಯಾರಂಟಿ. ಲಾಗ್ 0.3 ಎಷ್ಟು? ಟೇಬಲ್‌ನವರು 1ರ ಮೇಲೆ ಅಡ್ಡಗೆರೆ ಎಳೆದು ಬಾರ್ 1 ಪಾಯಿಂಟ್ 4771 ಅನ್ನುತ್ತಾರೆ. 991 ಹೇಳುವುದು −0.5229. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ. ಬಾರ್ ಇರುವುದು 1ಕ್ಕೆ ಮಾತ್ರ, 4771 ಪ್ಲಸ್ಸೇ. −1ಕ್ಕೆ 0.4771 ಕೂಡಿಸಿದರೆ −0.5229, ಎರಡೂ ಒಂದೇ. ಆದರೆ ಕ್ಯಾಲ್ಕುಲೇಟರ್‌ನ −0.5229 ಇಟ್ಟುಕೊಂಡು ಆಂಟಿಲಾಗ್ ಟೇಬಲ್‌ನಲ್ಲಿ (ಲಾಗ್‌ನಿಂದ ಸಂಖ್ಯೆಗೆ ವಾಪಸ್ ಹೋಗುವ ಟೇಬಲ್) 5229 ಹುಡುಕಿದರೆ ಕೆಟ್ಟಿತು.

ಮೈನಸ್ ಲಾಗ್‌ನ ಇನ್ನೊಂದು ಚೇಷ್ಟೆ ಇದೆ, ಯಾವ ಮಷಿನ್ನೂ ಎಚ್ಚರಿಸುವುದಿಲ್ಲ. ಒಂದು ಪರ್ಸೆಂಟ್‌ಗಿಂತ ಕಡಿಮೆ ಉಳಿಯಲು ಎಷ್ಟು ಅರ್ಧಾಯುಷ್ಯ ಬೇಕು? 0.5 ಪವರ್ ಎನ್ < 0.01. ಲಾಗ್ 0.5 ಮೈನಸ್ ಸಂಖ್ಯೆ, ಅದರಿಂದ ಭಾಗಿಸಿದಾಗ ಚಿಹ್ನೆ ತಿರುಗುತ್ತದೆ. ಎನ್ > 6.64. ಅಂದರೆ 7. ಚಿಹ್ನೆ ತಿರುಗಿಸದೆ 6 ಅಂತ ಬರೆದವರ ಪೇಪರ್ ಪ್ರತಿ ವರ್ಷ ಬರುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. 991ಕ್ಕೆ ಸೋಲಾರ್ ಜೊತೆಗೆ ಎಲ್‌ಆರ್44 ಬಟನ್ ಸೆಲ್ ಇದೆ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. 82ಎಂಎಸ್‌ಗೆ ಸೋಲಾರ್ ಇಲ್ಲ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಎರಡೂ ತಾವೇ ಆಫ್ ಆಗುತ್ತವೆ. ಮೇಲಿನ ಬಾಣ ಒತ್ತಿದರೆ ಹಿಂದೆ ಮಾಡಿದ ಲೆಕ್ಕ ಸಿಗುತ್ತದೆ, ಆದರೆ ಮೋಡ್ ಬದಲಿಸಿದರೆ ಅಥವಾ ಆನ್ ಬಟನ್ ಒತ್ತಿದರೆ ಅಳಿಸಿಹೋಗುತ್ತದೆ. ಉತ್ತರ ಭಿನ್ನರಾಶಿಯಲ್ಲಿ ಬಂದರೆ ಎಸ್-ಡಿ ಬಟನ್ ಒತ್ತಿ ದಶಮಾಂಶ ಮಾಡಿಕೊಳ್ಳಿ. ಹೊಸದಾಗಿ 991ಸಿಡಬ್ಲ್ಯೂ ಬಂದಿದೆ, ಸ್ಕ್ರೀನ್ ಚೆಂದ, ಆದರೆ ಬಟನ್ ಜಾಗಗಳೆಲ್ಲ ಬೇರೆ, ತುಂಬಾ ಕೆಲಸ ಮೆನು ಒಳಗೆ ಹೋಗಿದೆ. ಮೊದಲ ಸಲ ಕೊಳ್ಳುವವರಿಗೆ ತೊಂದರೆಯಿಲ್ಲ. ಇಎಸ್ ಪ್ಲಸ್ ಕೈಗೆ ಕೂತವರು ಅದಕ್ಕೆ ಹೋಗುವ ಅವಸರ ಮಾಡಬೇಡಿ. ಕಾಲೇಜಿನ ಮೇಷ್ಟ್ರುಗಳು ಬೋರ್ಡ್ ಮೇಲೆ ಹೇಳಿಕೊಡುವ ಬಟನ್ ಕ್ರಮ ಇನ್ನೂ ಬಹುತೇಕ ಇಎಸ್‌ನದೇ.

ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. 991 ಸಾವಿರದ ಮೇಲೆ, 82ಎಂಎಸ್ ಸುಮಾರು ಅದರ ಅರ್ಧ. ನಕಲಿ ಮಾಲು ಮಾರ್ಕೆಟ್‌ನಲ್ಲಿ ಬೇಕಾದಷ್ಟಿದೆ, ತೀರಾ ಅಗ್ಗಕ್ಕೆ ಸಿಗುತ್ತದೆ ಅಂದರೆ ಅನುಮಾನಪಡಿ, ಬಿಲ್ ಮತ್ತು ವಾರಂಟಿ ಕಾರ್ಡ್ ಕೊಡುವ ಸ್ಟೇಷನರಿ ಅಂಗಡಿಯಲ್ಲೇ ತೆಗೆದುಕೊಳ್ಳಿ. ಬಿಕಾಂ, ಬಿಎಸ್ಸಿ ಮಕ್ಕಳಿಗೆ, ಬಡ್ಡಿ ಲೆಕ್ಕ ಮಾಡುವವರಿಗೆ 82ಎಂಎಸ್ ಕೊಡಿಸಿ. ಎಂಜಿನಿಯರಿಂಗ್‌ಗೆ ಮಾತ್ರ 991 ಕೊಡಿಸಿ, ಅದೂ ಮ್ಯಾಟ್ರಿಕ್ಸ್, ಕಾಂಪ್ಲೆಕ್ಸ್ ಸಂಖ್ಯೆ, ಇಂಟಿಗ್ರೇಷನ್ ಅಂತೆಲ್ಲ ಬರುವುದರಿಂದ. ಲಾಗ್‌ಗೋಸ್ಕರ ಅಲ್ಲ.

ಕೋರ್ಸ್ ಮುಗಿಸಿದ ಸೀನಿಯರ್‌ಗಳ ಹತ್ತಿರ ಸೆಕೆಂಡ್ ಹ್ಯಾಂಡ್ 991 ಸುಲಭವಾಗಿ ಸಿಗುತ್ತದೆ, ತೆಗೆದುಕೊಳ್ಳಲು ಹಿಂಜರಿಯಬೇಡಿ. ದುಡ್ಡು ಕೊಡುವ ಮುಂಚೆ 0ರಿಂದ 9ರವರೆಗೆ ಎಲ್ಲಾ ಬಟನ್ ಒತ್ತಿ ನೋಡಿ. ಶಿಫ್ಟ್ ಮತ್ತು ಸಮ ಬಟನ್ ಎರಡೆರಡು ಸಲ ಜಾಸ್ತಿ ಒತ್ತಿ, ಮೊದಲು ಸವೆಯುವುದು ಅವೇ. ಸ್ಕ್ರೀನ್‌ನ ಮೇಲಿನ ಸಾಲಿನಲ್ಲಿ ಚುಕ್ಕಿ ಕಾಣೆಯಾಗಿದೆಯಾ ನೋಡಿಕೊಳ್ಳಿ. ಪವರ್‌ನ ಸಂಖ್ಯೆ ಕಾಣುವುದು ಅಲ್ಲೇ, ಅಲ್ಲಿ ಒಂದು ಗೆರೆ ಮಾಸಿದ್ದರೂ 8 ಯಾವುದು 6 ಯಾವುದು ತಿಳಿಯುವುದಿಲ್ಲ.